ಬಸವನ ಹುಳುವಿಗೆ ಜೂಲು ಹೊದಿಸಿದ ಕಥೆ

ಬೆನ್ನಿಗೆ ಜೂಲು ಹೊದ್ದ ಕೋಲೆ ಬಸವ ಬೀದಿಗೆ ಬಂದು ಹೋದ ದಿನ ಅಕ್ಕನ ಮಗಳು ಕೇಳಿದಳು: "ಮಾಮ, ಬಸವನ ಹುಳೂಗೂ ಕೊಂಬಿದೆ ಅಲ್ವಾ? ಅದಕ್ಯಾಕೆ ಯಾರೂ ಬಟ್ಟೆ ಹಾಕಲ್ಲ?" ಉತ್ತರ ಹೊಳೆಯಲಿಲ್ಲ. ಹಾಕಿಯೇ ಬಿಡೋಣ ಅಂತ ರಾತ್ರಿ ಕಂಪ್ಯೂಟರಿನಲ್ಲಿ ಗಿಂಪ್ ಅನ್ನೋ ಚಿತ್ರ ತಿದ್ದುವ ತಂತ್ರಾಂಶ ತೆರೆದು ಕೂತೆ.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಇರುವ ಚಿತ್ರಗಳನ್ನು ಕತ್ತರಿಸಿ ಜೋಡಿಸುವುದಷ್ಟೇ ಗೊತ್ತು. ಹುಳು ಸಿಕ್ಕಿದ್ದು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅನ್ನೋ ಆನ್‌ಲೈನ್ ಗ್ರಂಥಾಲಯದಲ್ಲಿ, ಕಾಪಿರೈಟ್ ಮುಗಿದ ಹಳೇ ಪುಸ್ತಕವೊಂದರ ಬಣ್ಣದ ಪುಟದಲ್ಲಿ. ಜೂಲಿಗೆ ಬೇಕಾದ ಕಸೂತಿ ಬಟ್ಟೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನದು. 2017ರಿಂದ ಅವರು ಲಕ್ಷಗಟ್ಟಲೆ ಚಿತ್ರಗಳನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟಿದ್ದಾರೆ. ಗೆಜ್ಜೆ ಮಾತ್ರ ನಮ್ಮ ಮನೆಯದೇ. ಕಿಟಕಿ ಪಕ್ಕ ಇಟ್ಟು ಫೋನಿನಲ್ಲಿ ತೆಗೆದೆ.

ಕತ್ತರಿಸಲು ಎರೇಸರ್ ಮುಟ್ಟಲೇ ಇಲ್ಲ. ಪಾತ್ಸ್ ಟೂಲ್‌ನಲ್ಲಿ ಅಂಚು ಹಿಡಿದು, ಆ ಲೇಯರ್‌ಗೆ (ಒಂದರ ಮೇಲೊಂದು ಇಡುವ ಚಿತ್ರದ ಪದರಕ್ಕೆ) ಲೇಯರ್ ಮಾಸ್ಕ್ ಹಾಕಿದೆ. ಮಾಸ್ಕ್ ಮೇಲೆ ಕಪ್ಪು ಬಳಿದರೆ ಮರೆಯಾಗುತ್ತದೆ, ಬಿಳಿ ಬಳಿದರೆ ವಾಪಸ್ ಬರುತ್ತದೆ. ಕೈ ತಪ್ಪಿದರೂ ಚಿಂತೆಯಿಲ್ಲ.

ಬಟ್ಟೆಯನ್ನು ಚಿಪ್ಪಿನ ಮೇಲೆ ಹಾಗೇ ಇಟ್ಟಾಗ ಸ್ಟಿಕ್ಕರ್ ಅಂಟಿಸಿದಂತೆ ಕಂಡಿತು. ವಾರ್ಪ್ ಟೂಲ್ ಹಿಡಿದು ಚಿಪ್ಪಿನ ಉಬ್ಬಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ತಳ್ಳಿದೆ. ಆಮೇಲೆ ಲೇಯರ್ ಮೋಡ್, ಅಂದರೆ ಪದರ ಕೆಳಗಿನದರ ಜೊತೆ ಬೆರೆಯುವ ರೀತಿ, ಮಲ್ಟಿಪ್ಲೈಗೆ ಬದಲಿಸಿದೆ. ಚಿಪ್ಪಿನ ಗೆರೆ, ನೆರಳು ಎಲ್ಲ ಬಟ್ಟೆಯ ಮೂಲಕ ಎದ್ದು ಬಂದವು. ಆದರೆ ಕೆಂಪು ಜಾಸ್ತಿ ಕಪ್ಪಾಯಿತು. ಅದರ ಮೇಲೆ ನಾರ್ಮಲ್ ಮೋಡ್‌ನಲ್ಲಿ ಇನ್ನೊಂದು ಪ್ರತಿ ಇಟ್ಟು, ಆ ಪ್ರತಿಯ ಒಪಾಸಿಟಿ ಇಳಿಸಿ ಅರೆಪಾರದರ್ಶಕ ಮಾಡಿದಾಗ ಸರಿಹೋಯಿತು.

ಎಡವಿದ್ದು ಬೆಳಕಿನಲ್ಲಿ. ಹುಳುವಿಗೆ ಎಡಗಡೆ ಮೇಲಿಂದ ಬೆಳಕು, ಗೆಜ್ಜೆಗೆ ಬಲದಿಂದ. ಅವಸರದಲ್ಲಿ ಹುಳುವನ್ನೇ ಫ್ಲಿಪ್ ಮಾಡಿದೆ. ಏನೋ ಸರಿಯಿಲ್ಲ ಅನ್ನಿಸುತ್ತಲೇ ಇತ್ತು. ಅರ್ಧ ಗಂಟೆ ಕಳೆದ ಮೇಲೆ ಹೊಳೆಯಿತು: ಬಹುಪಾಲು ಬಸವನ ಹುಳುಗಳ ಚಿಪ್ಪು ಬಲಸುತ್ತು, ನಾನು ಎಡಸುತ್ತು ಮಾಡಿಬಿಟ್ಟಿದ್ದೆ! ಜೂಲು ಹೊದ್ದ ಹುಳುವಿಗೆ ಸುತ್ತು ಯಾವ ಕಡೆ ಇದ್ದರೇನು ಅಂತ ನಗಬಹುದು. ನನಗೆ ತಡೆಯಲಾಗಲಿಲ್ಲ. ಹುಳುವನ್ನು ಮೊದಲಿದ್ದಂತೆ ಮಾಡಿ ಗೆಜ್ಜೆಯನ್ನು ತಿರುಗಿಸಿದೆ.

ಗೆಜ್ಜೆಯನ್ನು ಕೊಂಬಿನ ತುದಿಗೇ ಕಟ್ಟಿದ್ದೆ. ಆಮೇಲೆ ನೆನಪಾಯಿತು, ಉದ್ದನೆಯ ಆ ಎರಡು ಕೊಂಬುಗಳ ತುದಿಯಲ್ಲೇ ಅದರ ಕಣ್ಣಿರುವುದು. ಪಾಪ, ಸ್ವಲ್ಪ ಕೆಳಗಿಳಿಸಿದೆ.

ನೆಲದ ನೆರಳು ಎರಡು ಲೇಯರ್‌ನದು. ಹೊಟ್ಟೆಯ ಕೆಳಗೇ ತೆಳ್ಳನೆಯ ಗಾಢ ಗೆರೆ, ಅದರಾಚೆ ಗಾಸಿಯನ್ ಬ್ಲರ್ ಕೊಟ್ಟು ಮಸುಕಾಗಿಸಿದ ಅಗಲದ ನೆರಳು. ಮೊದಲನೆಯದಿಲ್ಲದೆ ಹುಳು ಗಾಳಿಯಲ್ಲಿ ತೇಲುತ್ತಿತ್ತು. ಕೊನೆಗೆ ಆ ಹಳೇ ಪುಟದ ಖಾಲಿ ಜಾಗವನ್ನೇ ಹಿಗ್ಗಿಸಿ ಎಲ್ಲದರ ಮೇಲೂ ಮಲ್ಟಿಪ್ಲೈನಲ್ಲಿ ಹರಡಿದೆ. ಫೋನಿನ ಗೆಜ್ಜೆ, ಮ್ಯೂಸಿಯಂ ಬಟ್ಟೆ, ಪುಸ್ತಕದ ಹುಳು ಮೂರೂ ಒಂದೇ ಕಾಗದದ ಮೇಲೆ ಬಂದು ಕೂತವು.

ಎ4 ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದರೆ 2480×3508 ಪಿಕ್ಸೆಲ್. ಮೊದಲಿಂದಲೇ ಆ ಅಳತೆಯ ಕ್ಯಾನ್ವಾಸ್ ಇಟ್ಟಿದ್ದರಿಂದ ಪ್ರಿಂಟ್ ಚೆನ್ನಾಗಿ ಬಂತು.

ಗೋಡೆಗೆ ಅಂಟಿಸಿಕೊಂಡು ತುಂಬಾ ಹೊತ್ತು ನೋಡಿದಳು. ಆಮೇಲೆ, "ಮಾಮ, ಇದು ತಲೆ ಅಲ್ಲಾಡಿಸಲ್ವಾ?"