ಮೊಲದ ಕಿವಿ, ಮೊಲದ ಹಿಕ್ಕೆ

ನಮ್ಮ ಮೊಲ ಬೆಳ್ಳಿ ತಲೆ ಕೊಡವುತ್ತಿದ್ದದ್ದನ್ನು ನಾನು ಮೊದಲು ನೋಡಿದ್ದು ಸಂಕ್ರಾಂತಿ ಹೊತ್ತಿಗೆ. ನೊಣ ಕೂತಿರಬೇಕು ಅಂದುಕೊಂಡು ಸುಮ್ನಾದೆ. ಎರಡು ದಿನ ಬಿಟ್ಟು ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳತೊಡಗಿತು. ಮೇವು ತಿನ್ನುತ್ತಿತ್ತು, ಓಡಾಡುತ್ತಿತ್ತು. ಹಾಗಾಗಿ ಮನೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ವಾರದ ಮೇಲೆ ಅವ್ವ ಅದನ್ನು ತೊಡೆ ಮೇಲೆ ಕೂರಿಸಿಕೊಂಡು ಕಿವಿ ಬಿಡಿಸಿ ನೋಡಿದಳು. "ಇಲ್ಲಿ ಬಾ ತಮ್ಮಾ, ಇದರ ಕಿವ್ಯಾಗ ರೊಟ್ಟಿ ಚೂರು ತುಂಬ್ಯಾವ ನೋಡು" ಅಂದಳು.

ನಿಜಕ್ಕೂ ಹಾಗೇ ಇತ್ತು. ಕಟಕ್ ರೊಟ್ಟಿ ಪುಡಿ ಮಾಡಿ ಒಂದರ ಮೇಲೊಂದು ಅಂಟಿಸಿದ ಹಾಗೆ, ಕಂದು ಬಣ್ಣದ ಹಕ್ಕಳೆ. ಹತ್ತಿರ ಹೋದರೆ ಕೆಟ್ಟ ವಾಸನೆ.

ಅದು ಕಿವಿ ನುಸಿ, ಕಿವಿಯೊಳಗೆ ಸೇರಿಕೊಳ್ಳುವ ತೀರಾ ಸಣ್ಣ ಹುಳ. ಆಗ ನನಗೆ ಅದು ಗೊತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಹತ್ತಿಯಿಂದ ಹಕ್ಕಳೆ ಕೀಳಲು ಹೋದೆ. ಕೆಳಗಿನ ಚರ್ಮ ಹಸಿ ಗಾಯ. ರಕ್ತ ಬಂತು. ಮೊಲ ಕಿರುಚುತ್ತದೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಆ ಸದ್ದು ಇವತ್ತಿಗೂ ಮರೆತಿಲ್ಲ. ನಿಮ್ಮ ಮೊಲಕ್ಕೆ ಹೀಗಾದರೆ ದಯವಿಟ್ಟು ಹಕ್ಕಳೆ ಕೀಳಬೇಡಿ. ನುಸಿ ಸತ್ತ ಮೇಲೆ ಅದು ತಾನಾಗಿಯೇ ಉದುರುತ್ತದೆ.

ಇನ್ನೊಂದು ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಒಂದು ಔಷಧ ಅಂಗಡಿಯಲ್ಲಿ ಕೇಳಿದ್ದಕ್ಕೆ ನಾಯಿಗೆ ಹಾಕುವ ಹನಿ ಕೊಟ್ಟಿದ್ದರು. ಕುತ್ತಿಗೆಗೆ ಒಂದು ಹನಿ ಬಿಟ್ಟರೆ ಸಾಕು ಅಂದರು. ಹಾಕುವ ಮೊದಲು ದನದ ಡಾಕ್ಟ್ರಿಗೆ ತೋರಿಸಿದ್ದು ಪುಣ್ಯ. ಡಬ್ಬಿ ಮೇಲೆ ಫಿಪ್ರೋನಿಲ್ ಅಂತಿತ್ತು. ನಾಯಿಗೆ ನಡೆಯುವ ಈ ಔಷಧ ಮೊಲಕ್ಕೆ ವಿಷ. ಫಿಟ್ಸ್ ಬಂದು ಸಾಯಬಹುದು. "ಇದನ್ನ ಹಾಕಿದ್ರ ನೀವು ನನ್ನ ಹತ್ರ ಬರೂದೇ ಬ್ಯಾಡಾಗಿತ್ತು ನೋಡ್ರಿ" ಅಂದರು ಡಾಕ್ಟ್ರು.

ಅವರು ಹಕ್ಕಳೆಯ ಒಂದು ಸಣ್ಣ ಚೂರು ತೆಗೆದು ಕಪ್ಪು ಕಾಗದದ ಮೇಲೆ ಇಟ್ಟರು. ಮೊಬೈಲ್ ಬೆಳಕು ಬಿಟ್ಟು ದಿಟ್ಟಿಸಿದರೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆಗಳು ನಡೆದಾಡುತ್ತಿದ್ದವು. ಆಮೇಲೆ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿದರು. ಎರಡು ಕೆಜಿ. ಐವರ್ಮೆಕ್ಟಿನ್ ಇಂಜೆಕ್ಷನ್ ಕೊಟ್ಟರು. ದನಗಳಿಗೆ ಬಳಸುವ ಬಾಟಲಿಯೇ, ಆದರೆ ಬೆಳ್ಳಿಗೆ ಬೇಕಾಗಿದ್ದು ಒಂದು ಮಿಲಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಇನ್ಸುಲಿನ್ ಸಿರಿಂಜ್‌ನಲ್ಲಿ ಅಳೆದು ಚರ್ಮದ ಕೆಳಗೆ ಹಾಕಿದರು. ಮನೆಯಲ್ಲಿ ಕಣ್ಣಳತೆಯಲ್ಲಿ ಕೊಡುವ ಔಷಧ ಇದಲ್ಲ ಅಂತ ಅಲ್ಲೇ ಅರ್ಥವಾಯಿತು.

14 ದಿನ ಬಿಟ್ಟು ಮತ್ತೊಂದು ಇಂಜೆಕ್ಷನ್. ಔಷಧಕ್ಕೆ ನುಸಿ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಸುಮಾರು ಮೂರು ವಾರ. ಕಿವಿ ಚೊಕ್ಕಟವಾಯಿತು ಅಂತ ಎರಡನೇ ಸಲ ಹೋಗದೆ ಬಿಟ್ಟರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಜೊತೆಗಿದ್ದ ಇನ್ನೊಂದು ಮೊಲ ಕರಿಯನ ಕಿವಿ ಚೆನ್ನಾಗಿಯೇ ಇತ್ತು, ಅದಕ್ಕೂ ಕೊಡಿಸಿದೆವು. ನುಸಿ ಮೊಲದ ಮೈ ಬಿಟ್ಟು ಹೊರಗೂ ಮೂರು ವಾರದವರೆಗೆ ಬದುಕಬಲ್ಲದು. ಹಾಗಾಗಿ ಹಾಸಿದ್ದ ಗೋಣಿಚೀಲ, ಕಟ್ಟಿಗೆಯ ಪೆಟ್ಟಿಗೆ ಎರಡನ್ನೂ ಸುಟ್ಟೆ. ಕಬ್ಬಿಣದ ಪಂಜರಕ್ಕೆ ಕುದಿಯುವ ನೀರು ಸುರಿದು ಮಾಳಿಗೆ ಮೇಲೆ ಬಿಸಿಲಿಗಿಟ್ಟೆ. ಹತ್ತು ದಿನದೊಳಗೆ ಹಕ್ಕಳೆ ಉದುರಿ, ಒಳಗೆ ಗುಲಾಬಿ ಚರ್ಮ ಕಂಡಿತು.

ಕಿವಿಯ ಕಾಯಿಲೆ ಕಣ್ಣಿಗೆ ಕಾಣುತ್ತದೆ. ಹೊಟ್ಟೆಯದ್ದು ಹಾಗಲ್ಲ.

ಶ್ರಾವಣದಲ್ಲಿ ಮೂರು ಮರಿ ತಂದೆವು, ಆರು ವಾರದವು. ಹದಿನೈದು ದಿನದಲ್ಲಿ ಹೊಟ್ಟೆ ಡುಬ್ಬ ಆಯಿತು. ಆದರೆ ಬೆನ್ನ ಮೇಲೆ ಕೈಯಾಡಿಸಿದರೆ ಎಲುಬು ಚುಚ್ಚುತ್ತಿತ್ತು. ನನ್ನ ಮಗಳು "ಅಪ್ಪಾ, ಇವು ತಿಂತಾವ ಆದ್ರ ದಪ್ಪ ಆಗವಲ್ಲವು" ಅಂದಳು. ಆರೋಗ್ಯವಾಗಿದ್ದಾಗ ಮೊಲದ ಹಿಕ್ಕೆ ದುಂಡಗೆ ಒಣಗಿರುತ್ತದೆ, ಮುರಿದರೆ ಒಳಗೆ ಹುಲ್ಲಿನ ಪುಡಿ. ಇವುಗಳದ್ದು ಮೆತ್ತಗಾಗಿ ಬಾಲಕ್ಕೆ ಅಂಟುತ್ತಿತ್ತು. ಹಸಿ ಮೇವು ಜಾಸ್ತಿಯಾಗಿದೆ ಅಂದುಕೊಂಡು ಒಣ ಹುಲ್ಲು ಮಾತ್ರ ಕೊಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಒಂದು ಮರಿ ಸತ್ತಿತ್ತು.

ಹೂಳಲು ಹೊರಟಿದ್ದೆ. ಡಾಕ್ಟ್ರಿಗೆ ಫೋನ್ ಮಾಡಿದಾಗ ಬೇಡ ಅಂದರು. ಸತ್ತ ಮರಿಯನ್ನು ಐಸ್ ನಡುವೆ ಇಟ್ಟು, ಉಳಿದವುಗಳ ಹಿಕ್ಕೆಯನ್ನು ಸಣ್ಣ ಬಾಟಲಿಯಲ್ಲಿ ಹಾಕಿಕೊಂಡು ಬೀದರಿನ ಪಶುವೈದ್ಯ ಕಾಲೇಜಿಗೆ ಹೋಗಲು ಹೇಳಿದರು. ನಮ್ಮೂರಿನಿಂದ ಹುಮನಾಬಾದ್ ಮೇಲೆ ಹಾಯ್ದು ಸುಮಾರು 110 ಕಿಲೋಮೀಟರ್. ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಕೆಳಗಿಡಲು ಮನಸ್ಸಾಗಲಿಲ್ಲ.

ಮರಿಯನ್ನು ಕೊಯ್ದು ನೋಡಿದಾಗ ಪಿತ್ತಜನಕಾಂಗದ ತುಂಬ ನವಣೆ ಕಾಳಿನಷ್ಟು ಹಳದಿ ಬಿಳಿ ಚುಕ್ಕೆ. ಹಿಕ್ಕೆಯಲ್ಲಿ ಮೈಕ್ರೋಸ್ಕೋಪ್‌ಗೆ ಮೊಟ್ಟೆಯಾಕಾರದ ಕೋಶಗಳು ಕಂಡವು. ಕಾಕ್ಸಿಡಿಯಾ ಅಂದರು, ಮೊಲದ ಹೊಟ್ಟೆಯೊಳಗೆ ಬೆಳೆಯುವ, ಬರಿಗಣ್ಣಿಗೆ ಕಾಣದ ಪರೋಪಜೀವಿ. ಎಳೆ ಮರಿಗಳನ್ನು ಕೊಲ್ಲುವ ದೊಡ್ಡ ರೋಗ ಇದು. ಸತ್ತ ಮರಿಯನ್ನು ತಂದಿದ್ದಕ್ಕೆ ರೋಗ ಎಲ್ಲಿ ಕೂತಿದೆ ಅಂತ ತಿಳಿಯಿತು. ಉಳಿದೆರಡಕ್ಕೆ ತೂಕ ನೋಡಿ ಬಾಯಿಗೆ ಹಾಕುವ ಔಷಧ ಕೊಟ್ಟರು.

ಅಲ್ಲಿ ಒಂದು ಮಾತು ಕಲಿತೆ. ಆಗಷ್ಟೇ ಬಿದ್ದ ಹಿಕ್ಕೆಯಿಂದ ಈ ರೋಗ ಅಂಟುವುದಿಲ್ಲ. ತೇವ, ಬಿಸಿ ಇರುವಲ್ಲಿ ಒಂದೆರಡು ದಿನ ಬಿದ್ದಿದ್ದರೆ ಆಗ ಅದು ಅಪಾಯ. ಅಂದರೆ ದಿನಾ ಬಳಿದು ಹಾಕಿದರೆ ರೋಗದ ದಾರಿ ಅರ್ಧ ಕಟ್ಟಿದಂತೆ. ನಾನು ವಾರಕ್ಕೆ ಎರಡು ಸಲ ಬಳಿಯುತ್ತಿದ್ದೆ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಇದಕ್ಕೆ ನಾಟುವುದಿಲ್ಲ. ಕುದಿಯುವ ನೀರು ಬೇಕು, ಆಮೇಲೆ ಪೂರ್ತಿ ಒಣಗಬೇಕು. ನಮ್ಮದು ಶಹಾಬಾದ್ ಫರಸಿ ನೆಲ, ಸುರಿದು ಗುಡಿಸಿದರೆ ಬೇಗ ಒಣಗುತ್ತದೆ. ಮೇವನ್ನು ನೆಲಕ್ಕೆ ಹಾಕುವುದನ್ನೂ ಬಿಟ್ಟೆ, ಗೋಡೆಗೆ ಜಾಳಿಗೆ ಕಟ್ಟಿ ಅದರಲ್ಲಿ ಸಿಗಿಸುತ್ತೇನೆ.

ಮಳೆಗಾಲದಲ್ಲಿ ಬಾಲದ ಕೆಳಗೆ ದಿನಾ ನೋಡುತ್ತೇನೆ. ಹಿಕ್ಕೆ ಅಂಟಿದ ಕೂದಲಲ್ಲಿ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಚರ್ಮದೊಳಗೆ ಇಳಿಯುತ್ತವೆ. ಹುಳ ಕಂಡರೆ ಅದೇ ಗಳಿಗೆ ಆಸ್ಪತ್ರೆಗೆ ಓಡಬೇಕು. ಹನ್ನೆರಡು ತಾಸು ಏನೂ ತಿನ್ನದಿದ್ದರೂ ಅಷ್ಟೇ. ಮೊಲದ ಕರುಳು ನಿಂತರೆ ಮತ್ತೆ ಶುರು ಮಾಡುವುದು ಬಹಳ ಕಷ್ಟ.

ಮಗಳು ಈಗ ಪ್ರತಿ ಭಾನುವಾರ ಅಡುಗೆ ಮನೆಯ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಉಳಿದ ಎರಡು ಮರಿಗಳಲ್ಲಿ ಒಂದು 1 ಕೆಜಿ 850 ಗ್ರಾಂ ಆಗಿದೆ. ಇನ್ನೊಂದು 1 ಕೆಜಿ 400 ಗ್ರಾಂನಲ್ಲೇ ನಿಂತಿದೆ. ಬರುವ ವಾರ ಅದರ ಹಿಕ್ಕೆಯನ್ನು ಮತ್ತೆ ಬೀದರಿಗೆ ಒಯ್ಯುತ್ತಿದ್ದೇನೆ.