ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಜೆಮಿನಿ ತೆರೆಯಿರಿ

ಆಗುಂಬೆ, ಹೊಸನಗರ ಕಡೆಯವರಿಗೆ ಒಂದು ಸಲಹೆ. ಆಷಾಢದ ಮಳೆ ಹಿಡಿದು ಸಿಗ್ನಲ್ ಒಂದೇ ಕಡ್ಡಿಗೆ ಇಳಿದಾಗ ವೆಬ್ ಪುಟ ಸುಮ್ನೆ ಸುತ್ತುತ್ತಾ ಕೂರುತ್ತದೆ, ಅಲ್ವಾ? ಆಗ ಜೆಮಿನಿ ಪುಟ ತೆರೆದು ನೋಡಿ. ಗೂಗಲ್‌ನ ಎಐ ಅಲ್ಲ, 2019ರಲ್ಲಿ ಹವ್ಯಾಸಿಗಳು ಶುರು ಮಾಡಿದ ಅದೇ ಹೆಸರಿನ ಪ್ರೊಟೊಕಾಲ್, ಅಂದರೆ ವೆಬ್‌ನ ಹಾಗೆಯೇ ಇಂಟರ್ನೆಟ್ಟಿನಲ್ಲಿ ಪುಟ ತರಿಸಿಕೊಳ್ಳುವ ಇನ್ನೊಂದು ವಿಧಾನ. ಜಾಹೀರಾತಿಲ್ಲ, ವಿಡಿಯೋ ಇಲ್ಲ, ಬರೀ ಅಕ್ಷರ. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೆ 3 ಬೈಟ್ ಬೇಕು, ಆದರೂ 2000 ಚಿಹ್ನೆಯ ಬರಹ 6 ಕೆಬಿ ದಾಟುವುದಿಲ್ಲ.

ಇದರ ಅಣ್ಣ ಗೋಫರ್ ಅನ್ನುವ ಹಳೆಯ ಪ್ರೊಟೊಕಾಲ್. 1991ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಅದರ ಸರ್ವರ್‌ಗಳನ್ನು ಇವತ್ತಿಗೂ ಜನ ಸ್ವಂತ ಖರ್ಚಿನಲ್ಲಿ ನಡೆಸುತ್ತಿದ್ದಾರೆ. ನನಗೆ ಅದೂ ತುಂಬಾ ಇಷ್ಟ. ಆದರೆ ಕನ್ನಡದಲ್ಲಿ ಬರೆಯುವುದಾದರೆ ಜೆಮಿನಿಯೇ ವಾಸಿ, ಯಾಕೆಂದರೆ ಗೋಫರ್ ಇಂಗ್ಲಿಷ್ ಅಕ್ಷರಗಳನ್ನೇ ನೆನೆಸಿಕೊಂಡು ಮಾಡಿದ್ದು, ಜೆಮಿನಿಯಲ್ಲಿ ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆಯಬಲ್ಲ ಯುಟಿಎಫ್-8 ಮೊದಲಿನಿಂದಲೂ ಇದೆ.

ಲ್ಯಾಪ್‌ಟಾಪ್‌ಗೆ ಲಗ್ರಾಂಜ್ ಬ್ರೌಸರ್ ಹಾಕಿಕೊಳ್ಳಿ, ಎರಡೂ ತೆರೆಯುತ್ತದೆ. ಕನ್ನಡ ಚೌಕ ಚೌಕವಾಗಿ ಕಂಡರೆ ಗಾಬರಿ ಬೇಡ, ನೋಟೊ ಸಾನ್ಸ್ ಕನ್ನಡ ಫಾಂಟ್ ಸೇರಿಸಿ.

ಬರೆಯುವಾಗ ಒಂದೇ ಎಚ್ಚರ: ಪ್ಯಾರಾ ಮುಗಿಯುವ ತನಕ ಎಂಟರ್ ಒತ್ತಬೇಡಿ. ನಾನು ಅಜ್ಜಿ ಹೇಳಿದ ಕಳಲೆ ಪಲ್ಯದ ವಿಧಾನವನ್ನು ನೋಟ್‌ಬುಕ್ಕಿನ ಹಾಗೆ ಸಾಲು ಸಾಲಾಗಿ ಮುರಿದು ಹಾಕಿದ್ದೆ. ಫೋನಿನಲ್ಲಿ "ಕಳಲೆಯನ್ನು ನೀರಿನಲ್ಲಿ" ಒಂದು ಸಾಲು, "ನೆನೆಸಿ" ಅನ್ನುವುದೊಂದೇ ಇನ್ನೊಂದು ಸಾಲು! ಲಿಂಕ್ ಮಾತ್ರ ಯಾವಾಗಲೂ ಬೇರೆ ಸಾಲಿನಲ್ಲೇ ಇರಬೇಕು, ವಾಕ್ಯದ ನಡುವೆ ತೂರಿಸಲು ಬರುವುದಿಲ್ಲ. ಸರ್ವರ್ ಹಾಕುವವರು 1965ನೇ ಪೋರ್ಟ್ ತೆರೆದಿಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಕರೆಂಟ್ ಬಂದ ತಕ್ಷಣ ಉತ್ತರಿಸುತ್ತೇನೆ.