ವರ್ಷನ್ ಬದಲಾದಾಗ ಫಂಕ್ಷನ್‌ಗಳ ಪಟ್ಟಿ ಬರೆಯುವುದು ಹೇಗೆ?

ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ಮೆಣಸಿನಕಾಯಿ ಲಾಟ್‌ಗಳ ಲೆಕ್ಕದ ವೆಬ್ ಪುಟವಿತ್ತು. ಹಳೆಯ ಜೆಕ್ವೆರಿಯಲ್ಲಿ (ವೆಬ್ ಪುಟಗಳಿಗೆ ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ, ಅಂದರೆ ಸಿದ್ಧ ಫಂಕ್ಷನ್‌ಗಳ ಸಂಗ್ರಹ) ಬರೆದದ್ದು. ಅದನ್ನು ಹೊಸ ವರ್ಷನ್‌ಗೆ ತರಲು ಹುಬ್ಬಳ್ಳಿಯ ಹುಡುಗನೊಬ್ಬ ಬದಲಾದ ಫಂಕ್ಷನ್‌ಗಳ ಪಟ್ಟಿ ಮಾಡಿಕೊಟ್ಟ. ಅದರಲ್ಲೊಂದು ಸಾಲು: ‘ಲೈವ್ ಹೋಯಿತು, ಆನ್ ಬಂತು.’ ಎರಡೂ ಕ್ಲಿಕ್ಕಿನಂಥದ್ದು ನಡೆದಾಗ ಏನಾಗಬೇಕೆಂದು ಹೇಳುವ ಫಂಕ್ಷನ್‌ಗಳು. ಅವನ ಜೊತೆಗಾರರು ಅದನ್ನೇ ನಂಬಿ ಎಲ್ಲ ಕಡೆ ಲೈವ್ ಅಳಿಸಿ ಆನ್ ಹಾಕಿದರು. ಪುಟ ತೆರೆಯಿತು, ಮೊದಲೇ ಇದ್ದ ಲಾಟ್‌ಗಳ ‘ಅಳಿಸು’ ಬಟನ್ ಕೆಲಸವನ್ನೂ ಮಾಡಿತು. ಹೊಸ ಲಾಟ್ ಸೇರಿಸಿದರೆ ಮಾತ್ರ ಅದರ ಬಟನ್ ಎಷ್ಟು ಒತ್ತಿದರೂ ಏನೂ ಆಗಲಿಲ್ಲ. ಎರರ್ ಕೂಡ ಇಲ್ಲ. ಇಂಥ ಪಟ್ಟಿಗಳನ್ನು ನಮ್ಮ ಕಡೆ ಬಹಳ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹೆಜ್ಜೆ 1. ಯಾವ ವರ್ಷನ್‌ನಿಂದ ಯಾವುದಕ್ಕೆ ಎಂದು ಪೂರ್ತಿ ಅಂಕಿಯಲ್ಲಿ ಬರೆಯಿರಿ. ಜೆಕ್ವೆರಿ ಫೈಲಿನ ತಲೆಯಲ್ಲೇ ಅದು ಸಿಗುತ್ತದೆ.

ಹೆಜ್ಜೆ 2. ಲೈಬ್ರರಿಯವರೇ ಬರೆದ ಅಪ್‌ಗ್ರೇಡ್ ಗೈಡ್ ಓದಿ. 1.4ರಿಂದ 3.5ಕ್ಕೆ ಹೋಗುವವರು 1.9ರ ಗೈಡನ್ನೂ 3.0ರ ಗೈಡನ್ನೂ 3.5ರ ಗೈಡನ್ನೂ ಓದಲೇಬೇಕು, ನಡುವಿನದನ್ನು ಹಾರಿಸಬಾರದು. ‘ಡೆಪ್ರಿಕೇಟ್ ಆದದ್ದು’ (ಇನ್ನೂ ಇದೆ, ಆದರೆ ಬಳಸಬೇಡಿ ಎಂದದ್ದು) ಮತ್ತು ‘ತೆಗೆದದ್ದು’ ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ. ಲೈವ್ ಡೆಪ್ರಿಕೇಟ್ ಆದದ್ದು 1.7ರಲ್ಲಿ (2011), ತೆಗೆದದ್ದು 1.9ರಲ್ಲಿ (2013). ಸೈಜ್ ಎಂಬ ಫಂಕ್ಷನ್ ಡೆಪ್ರಿಕೇಟ್ ಆದದ್ದು 1.8ರಲ್ಲಿ, ತೆಗೆದದ್ದು 3.0ರಲ್ಲಿ (2016). ಯಾವುದನ್ನು ಇವತ್ತೇ ಬದಲಿಸಬೇಕು, ಯಾವುದು ನಾಳೆಗೆ ನಡೆಯುತ್ತದೆ ಎಂಬುದು ಇದರಿಂದಲೇ ಗೊತ್ತಾಗುವುದು. ಯಾರೋ ಮಾಡಿದ ರೆಡಿಮೇಡ್ ಪಟ್ಟಿ ಕಾಪಿ ಮಾಡಬೇಡಿ. ಅವುಗಳಲ್ಲಿ ಜಾಸ್ತಿ ಇರುವುದು ಬರೀ ಹೆಸರುಗಳು.

ಹೆಜ್ಜೆ 3. ಎಡವುವುದೆಲ್ಲ ಇಲ್ಲೇ. ಹೆಸರಿನ ಮುಂದೆ ಹೊಸ ಹೆಸರು ಬರೆದರೆ ಸಾಲದು. ಮೊದಲು ಏನಾಗುತ್ತಿತ್ತು, ಈಗ ಏನಾಗುತ್ತದೆ, ಎರಡನ್ನೂ ಬರೆಯಿರಿ.

ಲೈವ್ ನೋಡಿ. ಅದು ಕ್ಲಿಕ್ಕನ್ನು ಡಾಕ್ಯುಮೆಂಟ್ (ಇಡೀ ಪುಟ) ಮಟ್ಟದಲ್ಲಿ ಹಿಡಿಯುತ್ತಿತ್ತು. ಹಾಗಾಗಿ ಆಮೇಲೆ ಸೇರಿಸಿದ ಬಟನ್ನಿಗೂ ಅನ್ವಯಿಸುತ್ತಿತ್ತು. ಆನ್ ಅನ್ನು ನೇರವಾಗಿ ಬಟನ್ನಿನ ಮೇಲೆ ಹಾಕಿದರೆ ಆ ಹೊತ್ತಿಗೆ ಪುಟದಲ್ಲಿ ಇರುವ ಬಟನ್‌ಗಳಿಗೆ ಮಾತ್ರ ಅಂಟುತ್ತದೆ. ಬ್ಯಾಡಗಿಯ ಪುಟದಲ್ಲಿ ಆದದ್ದು ಇದೇ. ಆ ಸಾಲು ಹೀಗಿರಬೇಕಿತ್ತು: ‘ಲೈವ್ ಬದಲು ಆನ್. ಆದರೆ ಅದನ್ನು ಟೇಬಲ್ ಮೇಲೆ ಹಾಕಿ. ಮೊದಲು ಕ್ಲಿಕ್, ಎರಡನೆಯದಾಗಿ ಬಟನ್ನಿನ ಸೆಲೆಕ್ಟರ್ (ಯಾವ ಬಟನ್ ಎಂದು ಗುರುತಿಸುವ ಬರಹ), ಮೂರನೆಯದಾಗಿ ಫಂಕ್ಷನ್ ಕೊಡಿ. ಹೊಸ ಸಾಲು ಸೇರಿಸಿ ಪರೀಕ್ಷಿಸಿ.’

ಹೆಸರು ಹಾಗೇ ಉಳಿದು ಉತ್ತರ ಬದಲಾದ ಫಂಕ್ಷನ್‌ಗಳು ಇನ್ನೂ ಕಷ್ಟ. 1.6ಕ್ಕಿಂತ ಮೊದಲು ಟಿಕ್ ಆದ ಚೆಕ್‌ಬಾಕ್ಸ್‌ನ ‘ಚೆಕ್ಡ್’ ಅನ್ನು ಅಟ್ರ್ ಎಂಬ ಫಂಕ್ಷನ್ ಮೂಲಕ ಕೇಳಿದರೆ ಟ್ರೂ ಬರುತ್ತಿತ್ತು. ಆಮೇಲೆ ಬರುವುದು ‘ಚೆಕ್ಡ್’ ಅನ್ನುವ ಸ್ಟ್ರಿಂಗ್ (ಬರೀ ಅಕ್ಷರಗಳು). ಟ್ರೂ ಜೊತೆ ಹೋಲಿಸುವ ಹಳೆಯ ಕೋಡ್ ಇದ್ದರೆ ಟಿಕ್ ಹಾಕಿದ್ದರೂ ಹಾಕಿಲ್ಲ ಎಂದೇ ಆಗುತ್ತದೆ. ಅಲ್ಲಿ ಈಗ ಪ್ರಾಪ್ ಫಂಕ್ಷನ್ ಬಳಸಬೇಕು. ಅಗಲ ಹೇಳುವ ವಿಡ್ತ್ ಕೂಡ ಹಾಗೇ. 3.0ರಿಂದ ಅದು ದಶಮಾಂಶ ಸಂಖ್ಯೆಯನ್ನೂ ಕೊಡಬಹುದು. 240ಕ್ಕೆ ಸಮವೇ ಎಂದು ನೋಡುವ ಕೋಡ್‌ಗೆ 239.6 ಸಿಕ್ಕರೆ ಮುಗಿಯಿತು, ಅಲ್ವಾ? ಇವನ್ನು ಪಟ್ಟಿಯ ಮೇಲ್ತುದಿಯಲ್ಲೇ ಇಡಿ. ತೆಗೆದುಹಾಕಿದ ಫಂಕ್ಷನ್ ಎರರ್ ಆಗಿ ತಾನಾಗಿ ಸಿಕ್ಕಿಬೀಳುತ್ತದೆ, ಇವು ಸಿಗುವುದಿಲ್ಲ.

ಹೆಜ್ಜೆ 4. ಪ್ರತಿ ಸಾಲನ್ನೂ ಓಡಿಸಿ ನೋಡಿ. ಒಂದೇ ಪುಟದ ಎರಡು ಪ್ರತಿ, ಒಂದರಲ್ಲಿ ಹಳೆಯ ಫೈಲ್, ಇನ್ನೊಂದರಲ್ಲಿ ಹೊಸದು, ಪಕ್ಕಪಕ್ಕದಲ್ಲಿ. ಜೆಕ್ವೆರಿ ಮೈಗ್ರೇಟ್ (ಹಳೆಯ ಬಳಕೆ ಕಂಡಲ್ಲಿ ಎಚ್ಚರಿಸುವ ಜೊತೆ ಫೈಲ್) ಕೂಡ ಹಾಕಿ. ಹಳೆಯ ಕೋಡ್ ಆದರೆ ಮೊದಲು ಅದರ 1.x ಹಾಕಿ, ಎಚ್ಚರಿಕೆಗಳನ್ನೆಲ್ಲ ಸರಿಪಡಿಸಿ, ಆಮೇಲೆ 3.x. ಕಂಪ್ರೆಸ್ ಮಾಡದ ಫೈಲನ್ನೇ ತಗೊಳ್ಳಿ. ಕಂಪ್ರೆಸ್ ಮಾಡಿದ್ದರಲ್ಲಿ ಕನ್ಸೋಲ್‌ಗೆ (ಬ್ರೌಸರ್‌ ಸಂದೇಶಗಳನ್ನು ತೋರಿಸುವ ಜಾಗ) ಎಚ್ಚರಿಕೆ ಬರುವುದಿಲ್ಲ. ಅದನ್ನು ಹಾಕಿಕೊಂಡು ‘ಎಲ್ಲ ಸರಿ ಇದೆ’ ಅಂದವರನ್ನು ಕಂಡಿದ್ದೇನೆ. ಮೈಗ್ರೇಟ್ ಎಲ್ಲವನ್ನೂ ಹಿಡಿಯುವುದೂ ಇಲ್ಲ. ತಪ್ಪಾಗಿ ಹಾಕಿದ ಆನ್ ಅದಕ್ಕೆ ಸರಿಯಾದ ಕೋಡೇ.

ಹೆಜ್ಜೆ 5. ಪಟ್ಟಿಯನ್ನು ಕೋಡ್ ಇರುವ ಫೋಲ್ಡರ್‌ನಲ್ಲೇ ಇಟ್ಟು, ಕೋಡ್ ಜೊತೆಗೇ ಗಿಟ್‌ಗೆ (ಬದಲಾವಣೆಗಳನ್ನು ದಾಖಲಿಸುವ ಸಾಧನ) ಸೇರಿಸಿ. ವಾಟ್ಸಾಪ್ ಗ್ರೂಪಿಗೆ ಹಾಕಿ ಬಿಡಬೇಡಿ. ಮುಂದಿನ ಸುಗ್ಗಿಗೆ ಆ ಪುಟ ತೆರೆಯುವವರು ಆ ಗ್ರೂಪಿನಲ್ಲಿ ಇರಲಿಕ್ಕಿಲ್ಲ.